ಬೆತ್ತ ಬೇಡ, ಸರಿ. ಅದರ ಬದಲು ಏನು? ಹೊಸ ಶಿಕ್ಷಕರಿಗೆ ಯಾರೂ ಕೂತು ಹೇಳಿಕೊಡದ ಪಾಠ

ಕೊಪ್ಪಳ: ಮೇ ಕೊನೆಯ ವಾರ ಶಾಲೆಗಳ ಬಾಗಿಲು ತೆಗೆಯುತ್ತೆ. ಅದರ ಬೆನ್ನಿಗೇ ಅತಿಥಿ ಶಿಕ್ಷಕರ ನೇಮಕ ಶುರು. ಕುಷ್ಟಗಿ, ಯಲಬುರ್ಗಾ, ಕನಕಗಿರಿ, ಕಾರಟಗಿ ಹೀಗೆ ಯಾವ ತಾಲ್ಲೂಕು ತಗೊಂಡ್ರೂ ಅತಿಥಿ ಶಿಕ್ಷಕರಿಲ್ಲದೆ ಪಾಠವೇ ನಡೆಯದ ಹಳ್ಳಿ ಶಾಲೆಗಳು ಸಿಗುತ್ತವೆ. ಬಿ.ಇಡಿ ಅಥವಾ ಡಿ.ಇಡಿ ಮುಗಿಸಿದ ಇಪ್ಪತ್ಮೂರು, ಇಪ್ಪತ್ನಾಲ್ಕರ ಹುಡುಗ ಹುಡುಗಿಯರು ಅರ್ಜಿ ಹಾಕಿ, ಮೆರಿಟ್‌ನಲ್ಲಿ ಹೆಸರು ಬಂದು, ಒಂದು ಬೆಳಿಗ್ಗೆ ಬಸ್ಸಿಳಿದು ಶಾಲೆಗೆ ಬರ್ತಾರೆ. ಮುಖ್ಯ ಶಿಕ್ಷಕರು ಹಾಜರಿ ಪುಸ್ತಕ ಕೈಗಿಟ್ಟು, "ಆರನೇತ್ತ ನಿಮ್ದು, ಹೋಗ್ರಿ" ಅಂತಾರೆ. ಅಲ್ಲಿಗೆ ತರಬೇತಿ ಮುಗೀತು.

ಒಳಗೆ ನಲವತ್ತು, ನಲವತ್ತೈದು ಮಕ್ಕಳು. ಮೊದಲ ದಿನ ಹೊಸಬರನ್ನು ನೋಡೋ ಕುತೂಹಲಕ್ಕೆ ಸುಮ್ಮನಿರ್ತಾರೆ. ಎರಡನೇ ದಿನ ಹಿಂದಿನ ಸಾಲು ಪಿಸುಗುಡುತ್ತೆ. ನಾಲ್ಕನೇ ದಿನಕ್ಕೆ "ಸರ್ರೀ, ಇಂವ ಹೊಡದ", "ಟೀಚರ್ರೀ, ಆಕಿ ನನ್ನ ಪೆನ್ಸಿಲ್ ತಗೊಂಡ್ಳು", "ನೀರು ಕುಡದು ಬರ್ತೀನ್ರೀ" ಅನ್ನೋ ದೂರುಗಳ ನಡುವೆ ಬೋರ್ಡ್ ಮೇಲೆ ಅರ್ಧ ಬರೆದ ವಾಕ್ಯ ಅರ್ಧಕ್ಕೇ ನಿಂತಿರುತ್ತೆ. ಎರಡು ವಾರದಲ್ಲಿ ಗಂಟಲು ಬಿದ್ದು ಹೋಗಿರುತ್ತೆ. ಪಕ್ಕದ ಕೊಠಡಿಯ ಹಿರಿಯ ಶಿಕ್ಷಕರು ಬಂದು ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಸಾಕು, ತರಗತಿ ಗಪ್‌ಚುಪ್. ಹೊಸ ಶಿಕ್ಷಕರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಸಾಮಾನ್ಯವಾಗಿ ಆ ವಾರವೇ ಮೇಜಿನ ಮೇಲೆ ಒಂದು ಬೆತ್ತ ಬಂದು ಕೂರುತ್ತೆ.

ಬೆತ್ತ ಕಾನೂನುಬಾಹಿರ ಅನ್ನೋದು ಇವತ್ತು ಎಲ್ಲ ಶಿಕ್ಷಕರಿಗೂ ಗೊತ್ತು. ಗೊತ್ತಿಲ್ಲದಿರೋದು ಬೆತ್ತದ ಜಾಗಕ್ಕೆ ಏನು ತರಬೇಕು ಅನ್ನೋದು. ಶಿಕ್ಷಕರಿಗೆ "ಹೊಡೀಬ್ಯಾಡ್ರಿ" ಅಂತ ಹೇಳಿದ ವ್ಯವಸ್ಥೆ, "ಹೀಗೆ ಮಾಡ್ರಿ" ಅಂತ ತೋರಿಸಿಕೊಟ್ಟಿದ್ದು ಬಹಳ ಕಡಿಮೆ. ಮಕ್ಕಳನ್ನು ಹತೋಟಿಯಲ್ಲಿಡೋದು ಹುಟ್ಟಿನಿಂದ ಬರೋ ಗತ್ತು, ಕೆಲವರಿಗೆ ಇರುತ್ತೆ ಕೆಲವರಿಗೆ ಇರಲ್ಲ ಅಂತ ನಾವೆಲ್ಲ ನಂಬಿದ್ದೀವಿ. ಅದು ತಪ್ಪು ನಂಬಿಕೆ. ಅದು ಕಲಿಯಬಹುದಾದ ಕೆಲಸ, ಟ್ರ್ಯಾಕ್ಟರ್ ಓಡಿಸೋದು ಕಲಿತಂತೆ.

ಬಿ.ಇಡಿಯಲ್ಲಿ ಇದನ್ನು ಕಲಿಸಲ್ವಾ?

ಕಲಿಸ್ತಾರೆ, ಪುಸ್ತಕದಲ್ಲಿ. ಪಿಯಾಜೆ, ವೈಗಾಟ್‌ಸ್ಕಿ, ಸ್ಕಿನ್ನರ್ ಎಲ್ಲ ಬರ್ತಾರೆ. ಟಿಇಟಿಯಲ್ಲೂ ಒಟ್ಟು 150 ಪ್ರಶ್ನೆಗಳಲ್ಲಿ 30 ಪ್ರಶ್ನೆ ಶಿಶು ಮನೋವಿಜ್ಞಾನ ಮತ್ತು ಬೋಧನಾಶಾಸ್ತ್ರದ್ದೇ. ಆದರೆ ನಾಲ್ಕು ಉತ್ತರದಲ್ಲಿ ಸರಿಯಾದ್ದಕ್ಕೆ ಟಿಕ್ ಹಾಕೋದು ಬೇರೆ, ಊಟದ ಬೆಲ್ ಆದಮೇಲೆ ಜಗಳ ಆಡ್ತಾ ಒಳಗೆ ಬಂದ ಇಬ್ಬರು ಹುಡುಗರನ್ನು ಕೂರಿಸೋದು ಬೇರೆ.

ಮೈಕ್ರೋ ಟೀಚಿಂಗ್ ನೆನಪು ಮಾಡ್ಕೊಳ್ಳಿ, ಬಿ.ಇಡಿ ಮಾಡಿದವರಿಗೆಲ್ಲ ಗೊತ್ತಿರುತ್ತೆ. ಐದಾರು ನಿಮಿಷದ ಪಾಠ. ಎದುರಿಗೆ ವಿದ್ಯಾರ್ಥಿಗಳಾಗಿ ಕೂತವರು ನಿಮ್ಮದೇ ಸಹಪಾಠಿಗಳು. ಕೇಳಿದ ಪ್ರಶ್ನೆಗೆ ಬೇಕಂತಲೇ ಸರಿಯಾದ ಉತ್ತರ ಕೊಡ್ತಾರೆ, ಯಾಕಂದ್ರೆ ಮುಂದಿನ ಸರದಿ ಅವರದ್ದು. ಯಾರೂ ಇನ್ನೊಬ್ಬರ ಜಡೆ ಎಳೆಯಲ್ಲ, ಯಾರೂ ಚೀಟಿ ಎಸೆಯಲ್ಲ. ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ ಎಲ್ಲಕ್ಕೂ ಅಂಕ ಇದೆ. ಗಲಾಟೆ ಶುರುವಾದಾಗ ಏನು ಮಾಡಿದಿರಿ ಅನ್ನೋದಕ್ಕೆ ಅಂಕ ಬರೋ ಸಂದರ್ಭವೇ ಅಲ್ಲಿ ಹುಟ್ಟಲ್ಲ.

2015ರಿಂದ ಬಿ.ಇಡಿ ಎರಡು ವರ್ಷದ್ದಾಗಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಪ್ರಕಾರ ಒಟ್ಟು 20 ವಾರ ಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ಕಾಗದದ ಮೇಲೆ ಇದು ಒಳ್ಳೆ ಬದಲಾವಣೆ. ಆದರೆ ಇಂಟರ್ನ್‌ಶಿಪ್‌ಗೆ ಬಂದವರು ಬಹುತೇಕ ನಿಂತು ಪಾಠ ಮಾಡೋದು ಬೇರೆಯವರ ತರಗತಿಯಲ್ಲಿ. ಕೂರುವ ಜಾಗ, ಕಾಪಿ ತರುವ ಪದ್ಧತಿ, ಯಾರು ಯಾವಾಗ ಹೊರಗೆ ಹೋಗಬಹುದು ಅನ್ನೋದು ಎಲ್ಲ ಆಗಲೇ ಇನ್ನೊಬ್ಬರು ಹಾಕಿಟ್ಟ ಅಚ್ಚು. ಹಿಂದೆ ಮೇಲ್ವಿಚಾರಕರು ಡೈರಿ ಹಿಡಿದು ಕೂತಿದ್ರೆ ಮಕ್ಕಳು ಇನ್ನೂ ಶಿಸ್ತು. ಖಾಲಿ ನೆಲದ ಮೇಲೆ ಆ ಅಚ್ಚನ್ನು ಮೊದಲಿಂದ ಹಾಕೋದು ಹೇಗೆ ಅಂತ ಇಂಟರ್ನ್‌ಶಿಪ್‌ನಲ್ಲಿ ನೋಡಲು ಸಿಗೋದೇ ಇಲ್ಲ. ಜೂನ್‌ನಲ್ಲಿ ಹೊಸ ಶಿಕ್ಷಕರ ಮುಂದೆ ಬಂದು ನಿಲ್ಲೋದು ಸರಿಯಾಗಿ ಆ ಕೆಲಸವೇ.

ಪೇಪರ್ ಓದ್ತಿದ್ದ ವಿದ್ಯಾರ್ಥಿ

ಇಲ್ಲಿ ಒಂದು ಹಳೇ ಸಂಶೋಧನೆ ಹೇಳಲೇಬೇಕು. ಅಮೆರಿಕದ ಮನೋವಿಜ್ಞಾನಿ ಜೇಕಬ್ ಕೌನಿನ್ ಕಾಲೇಜಿನಲ್ಲಿ ಪಾಠ ಮಾಡ್ತಿದ್ದಾಗ ಹಿಂದೆ ಕೂತ ಒಬ್ಬ ವಿದ್ಯಾರ್ಥಿ ದಿನಪತ್ರಿಕೆ ಬಿಡಿಸಿಕೊಂಡು ಓದ್ತಿದ್ದ. ಕೌನಿನ್ ಗದರಿದರು. ಆ ಹುಡುಗ ಪೇಪರ್ ಮಡಚಿಟ್ಟ, ಸರಿ. ಆದರೆ ಏನೂ ಮಾಡದೆ ಕೂತಿದ್ದ ಉಳಿದವರೂ ತಲೆ ತಗ್ಗಿಸಿದ್ರು, ತರಗತಿಯ ಗಾಳಿಯೇ ಬದಲಾಯ್ತು. ಒಬ್ಬನಿಗೆ ಬೈದರೆ ಉಳಿದವರ ಮೇಲೆ ಏನಾಗುತ್ತೆ ಅನ್ನೋ ಪ್ರಶ್ನೆ ಹಿಡಿದು ಅವರು ವರ್ಷಗಟ್ಟಲೆ ಶಾಲೆಗಳಲ್ಲಿ ಅಧ್ಯಯನ ಮಾಡಿದ್ರು, ತರಗತಿಗಳನ್ನು ವಿಡಿಯೋ ಮಾಡಿ ನೋಡಿದ್ರು. 1970ರಲ್ಲಿ ಪುಸ್ತಕ ಬಂತು.

ಅವರಿಗೆ ಸಿಕ್ಕ ಉತ್ತರ ನಮ್ಮ ನಂಬಿಕೆಗೆ ಉಲ್ಟಾ. ಒಳ್ಳೆ ಹತೋಟಿ ಇರುವ ಶಿಕ್ಷಕರೂ, ಹತೋಟಿ ಇಲ್ಲದ ಶಿಕ್ಷಕರೂ ತಪ್ಪು ನಡೆದ ಮೇಲೆ ಬೈಯೋ ರೀತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ತಪ್ಪು ನಡೆಯೋ ಮೊದಲು. ಹತೋಟಿ ಇದ್ದವರಿಗೆ ಇಡೀ ಕೊಠಡಿ ಕಾಣ್ತಿತ್ತು, "ಟೀಚರ್‌ಗೆ ಬೆನ್ನಲ್ಲೂ ಕಣ್ಣದಾವ" ಅಂತಾರಲ್ಲ, ಹಾಗೆ. ಒಂದು ಮಗುವಿನ ಕಾಪಿ ನೋಡ್ತಾನೇ ಇನ್ನೊಂದು ಮೂಲೆಯ ಗುಸುಗುಸು ಗಮನಿಸ್ತಿದ್ರು. ಒಂದು ಕೆಲಸದಿಂದ ಇನ್ನೊಂದಕ್ಕೆ ಮಕ್ಕಳನ್ನು ಎಡವದಂತೆ ದಾಟಿಸ್ತಿದ್ರು. ಸಣ್ಣ ತಪ್ಪಿಗಾಗಿ ನಡೆಯುತ್ತಿದ್ದ ಪಾಠ ನಿಲ್ಲಿಸಿ ಐದು ನಿಮಿಷ ಭಾಷಣ ಬಿಗಿಯುತ್ತಿರಲಿಲ್ಲ.

ಅಂದರೆ ಹೊಸ ಶಿಕ್ಷಕರಿಗೆ ಹೇಳಿಕೊಡಬೇಕಾದ ಮುಖ್ಯ ಪಾಠ ಗಲಾಟೆ ಹುಟ್ಟೋ ಜಾಗ ಎಲ್ಲಿದೆ ಅನ್ನೋದು. ಗಲಾಟೆ ಆದಮೇಲೆ ಏನು ಶಿಕ್ಷೆ ಕೊಡಬೇಕು ಅನ್ನೋದು ಆಮೇಲಿನ ಮಾತು.

ಗಲಾಟೆ ಹುಟ್ಟೋದು ಖಾಲಿ ನಿಮಿಷಗಳಲ್ಲಿ

ಒಂದು ದಿನ ಯಾವುದಾದ್ರೂ ಶಾಲೆಯ ಕೊನೇ ಬೆಂಚಿನಲ್ಲಿ ಕೂತು ಗಡಿಯಾರ ನೋಡಿ. ಗಣಿತದ ಶಿಕ್ಷಕರು ಹೋಗಿ ಕನ್ನಡದವರು ಬರೋ ನಡುವಿನ ಹೊತ್ತು. ಕಾಪಿ ಹಂಚೋ ಹೊತ್ತು. ಬೋರ್ಡ್ ಕಡೆ ತಿರುಗಿ ಶಿಕ್ಷಕರು ಎಂಟು ಸಾಲು ಬರೆಯೋ ಹೊತ್ತು. ಲೆಕ್ಕ ಬೇಗ ಮುಗಿಸಿದ ಹತ್ತು ಮಕ್ಕಳು ಉಳಿದವರಿಗಾಗಿ ಕಾಯೋ ಹೊತ್ತು. ಬಿಸಿಯೂಟದ ತಟ್ಟೆ ತೊಳೆಯೋ ನಲ್ಲಿಯ ಹತ್ತಿರದ ನೂಕಾಟ. ಜಗಳಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ, ಪಾಠದ ಮಧ್ಯೆ ಹುಟ್ಟೋದು ಕಡಿಮೆ. ಪ್ರತಿ ಪೀರಿಯಡ್‌ನಲ್ಲಿ ಕಾಪಿ ತೆಗೆದು ಕೂರೋಕೆ ಐದು ನಿಮಿಷ ಹೋದ್ರೆ ಏಳು ಪೀರಿಯಡ್‌ಗೆ 35 ನಿಮಿಷ. ದಿನಕ್ಕೆ ಹತ್ತಿರ ಹತ್ತಿರ ಒಂದು ಪೀರಿಯಡ್ ನೀರಿಗೆ ಹೋಯ್ತು.

ಇದಕ್ಕೆ ಮದ್ದು ರೂಢಿ. ಒಳಗೆ ಬರೋದು ಹೇಗೆ, ಬಂದ ತಕ್ಷಣ ಬೋರ್ಡ್ ಮೇಲೆ ಬರೆದಿಟ್ಟ ಒಂದು ಸಣ್ಣ ಕೆಲಸ ಶುರು ಮಾಡೋದು, ಸಾಲಿನ ತುದಿಯಿಂದ ಕಾಪಿ ಕೈ ದಾಟಿಸಿಕೊಂಡು ಬರೋದು, ನೀರಿಗೆ ಹೋಗೋದು ಹೇಗೆ, ಶಿಕ್ಷಕರು ಕೈ ಎತ್ತಿ ನಿಂತಾಗ ಏನು ಮಾಡೋದು. ಇದನ್ನ ಹೇಳಿದರೆ ಸಾಲದು, ಮಾಡಿಸಬೇಕು, ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ. "ಎಲ್ರೂ ಎದ್ದು ಹೊರಗ ಹೋಗ್ರಿ, ಮತ್ತೊಮ್ಮಿ ಒಳಗ ಬರ್ರಿ, ನೋಡೋಣು ಸದ್ದಿಲ್ದ ಎಷ್ಟು ಬೇಗ ಕೂಡ್ತೀರಿ" ಅಂತ ಆಟದಂತೆ ಮೂರು ಸಲ ಮಾಡಿಸಿದರೆ ಮಕ್ಕಳಿಗೂ ಖುಷಿ. ಮೊದಲ ವಾರ ಇದಕ್ಕೆ ಹೋದ ಸಮಯ ವರ್ಷವಿಡೀ ವಾಪಸ್ ಬರುತ್ತೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಒಂದು ಸಿದ್ಧ ಅವಕಾಶವೇ ಇದೆ. ವರ್ಷದ ಆರಂಭದಲ್ಲಿ ಸೇತುಬಂಧ ನಡೆಯುತ್ತಲ್ಲ, ಹಿಂದಿನ ತರಗತಿಯ ಕಲಿಕೆ ಪರೀಕ್ಷಿಸಿ ಸರಿಪಡಿಸೋದಕ್ಕೆ. ಹೊಸ ಪಾಠದ ಒತ್ತಡ ಇಲ್ಲದ ಆ ದಿನಗಳೇ ರೂಢಿ ಹಾಕೋಕೆ ಸರಿಯಾದ ಕಾಲ. ಕಷ್ಟ ಏನಂದ್ರೆ ಎಷ್ಟೋ ಕಡೆ ಅತಿಥಿ ಶಿಕ್ಷಕರು ಬರೋ ಹೊತ್ತಿಗೆ ಸೇತುಬಂಧ ಅರ್ಧ ದಾಟಿರುತ್ತೆ. ಹಾಗಿದ್ದರೂ ಅವರಿಗೆ ಒಂದು ವಾರ ಬಿಟ್ಟುಕೊಡಿ ಅನ್ನೋದು ನಮ್ಮ ಮಾತು. "ಸಿಲಬಸ್ ಹಿಂದ ಬಿದ್ದದ" ಅಂತ ಮೊದಲ ದಿನವೇ ಓಡಿಸಿದರೆ ಸಿಲಬಸ್ಸೂ ಓಡಲ್ಲ.

ಕಲಿಸಿಕೊಡಬೇಕಾದ ಇನ್ನೂ ಕೆಲವು ಸಣ್ಣ ಸಂಗತಿಗಳಿವೆ, ಕೇಳೋಕೆ ಕ್ಷುಲ್ಲಕ ಅನ್ನಿಸುತ್ತೆ. ಮೊದಲ ಮೂರು ದಿನದಲ್ಲಿ ಎಲ್ಲರ ಹೆಸರು ಬಾಯಿಗೆ ಬರಬೇಕು. "ಏ ಕೆಂಪಂಗಿ" ಅಂತ ಕರೆದದ್ದಕ್ಕೂ "ಬಸವರಾಜ" ಅಂತ ಕರೆದದ್ದಕ್ಕೂ ಮಗು ತಿರುಗೋ ರೀತಿ ಬೇರೆ. ಗದ್ದಲದ ಮೇಲೆ ಕೂಗಿ ಸೂಚನೆ ಕೊಡಬಾರದು, ಸುಮ್ಮನಾಗೋವರೆಗೆ ಕಾಯಬೇಕು. ಒಂದೇ ಉಸಿರಿಗೆ ನಾಲ್ಕು ಕೆಲಸ ಹೇಳಬಾರದು. ಪ್ರಶ್ನೆ ಕೇಳಿ ಮೂರು ಸೆಕೆಂಡಾದ್ರೂ ಸುಮ್ಮನೆ ನಿಲ್ಲಬೇಕು, ಹಿಂದೆ ಕೂತವರೂ ಯೋಚನೆ ಮಾಡಲಿ. ಬೋರ್ಡ್ ಹತ್ತಿರವೇ ಅಂಟಿಕೊಳ್ಳದೆ ಸಾಲುಗಳ ನಡುವೆ ಓಡಾಡಬೇಕು. ಮಾತಾಡ್ತಿರೋ ಹುಡುಗನ ಪಕ್ಕ ಪಾಠ ನಿಲ್ಲಿಸದೆ ಹೋಗಿ ನಿಂತರೆ ಹತ್ತರಲ್ಲಿ ಏಳು ಸಲ ಅಷ್ಟೇ ಸಾಕು. ಸಾಲದಿದ್ದರೆ ಬಾಗಿ, ಅವನಿಗೆ ಮಾತ್ರ ಕೇಳೋ ಹಾಗೆ, "ಎಷ್ಟನೇ ಲೆಕ್ಕ ಆತು ತಮ್ಮಾ?" ಅನ್ನಿ. ಎಲ್ಲರ ಮುಂದೆ ಹೆಸರು ಹಿಡಿದು ಬೈದರೆ ಹನ್ನೆರಡು ಹದಿಮೂರರ ಹುಡುಗ ಗೆಳೆಯರ ಮುಂದೆ ಸೋಲೋಕೆ ಒಪ್ಪಲ್ಲ, ತಿರುಗಿ ಮಾತಾಡ್ತಾನೆ. ಅಲ್ಲಿಂದ ಆಚೆ ಅದು ಪಾಠದ ವಿಷಯ ಅಲ್ಲ, ಮರ್ಯಾದೆ ವಿಷಯ.

ಮಾನಿಟರ್ ಬಗ್ಗೆ ಒಂದು ಮಾತು. ಶಿಕ್ಷಕರು ಹೊರಗೆ ಹೋಗುವಾಗ ಮಾನಿಟರ್ ಕೈಗೆ ಸೀಮೆಸುಣ್ಣ ಕೊಟ್ಟು "ಗಲಾಟೆ ಮಾಡಿದವ್ರ ಹೆಸರು ಬರಿ" ಅನ್ನೋ ಪದ್ಧತಿ ನಮ್ಮಲ್ಲಿ ತಲೆಮಾರುಗಳಿಂದ ಇದೆ. ಬೋರ್ಡ್ ಮೇಲೆ ಬರೋ ಹೆಸರು ಯಾರದ್ದು? ಮಾನಿಟರ್ ಜೊತೆ ಜಗಳ ಆಡಿದವನದ್ದು. ಹೆಸರಿನ ಮುಂದೆ ಗೆರೆಗಳು ಬೇರೆ ಹೆಚ್ಚುತ್ತಾ ಹೋಗುತ್ತವೆ. ಇದು ಶಿಸ್ತಲ್ಲ, ಬೆತ್ತವನ್ನು ಒಂದು ಮಗುವಿನ ಕೈಗೆ ಸಾಗಿಸಿದ್ದು. ಮಾನಿಟರ್ ಕೆಲಸ ವಾರಕ್ಕೊಬ್ಬರಿಗೆ ಸುತ್ತಲಿ, ಕೆಲಸ ಮುಗಿಸಿದವರ ಹೆಸರು ಬರೆಯಲಿ.

ಇನ್ನು ನಲಿಕಲಿ ತರಗತಿಗೆ ಹೋಗೋ ಹೊಸಬರಿಗೆ ಬೇರೆಯೇ ಎಚ್ಚರಿಕೆ ಬೇಕು. ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ, ತಟ್ಟೆಗಳ ಸುತ್ತ, ತಮ್ಮ ತಮ್ಮ ಕಾರ್ಡ್ ಹಿಡಿದು ಕೂರ್ತಾರೆ. ಅಲ್ಲಿ ಸದ್ದು ಇರಲೇಬೇಕು. ಆ ಸದ್ದನ್ನೇ ಅಶಿಸ್ತು ಅಂದುಕೊಂಡು "ಕೈ ಕಟ್ಟಿ, ಬಾಯಿ ಮುಚ್ಚಿ" ಅಂದರೆ ನಲಿಕಲಿಯೇ ಸತ್ತುಹೋಗುತ್ತೆ. ಕೆಲಸದ ಸದ್ದು ಯಾವುದು, ಗದ್ದಲ ಯಾವುದು ಅಂತ ಕಿವಿಯಿಂದಲೇ ಬೇರ್ಪಡಿಸೋದು ಒಂದು ಕೌಶಲ. ಅನುಭವಿ ನಲಿಕಲಿ ಶಿಕ್ಷಕಿಯ ಪಕ್ಕ ಎರಡು ದಿನ ಕೂತರೆ ತಾನಾಗಿ ಬರುತ್ತೆ.

ಕೆಟ್ಟ ಹುಡುಗನಾ, ನಿದ್ದೆಗೆಟ್ಟ ಹುಡುಗನಾ?

ನಮ್ಮ ಜಿಲ್ಲೆಯ ತರಗತಿಗಳಲ್ಲಿ 'ಅಶಿಸ್ತು' ಅನ್ನೋ ಹೆಸರಿನಲ್ಲಿ ಓಡಾಡೋದು ಬಹಳ ಸಲ ಬೇರೇನೋ ಆಗಿರುತ್ತೆ. ಮೊದಲ ಪೀರಿಯಡ್‌ನಲ್ಲೇ ಡೆಸ್ಕ್ ಮೇಲೆ ತಲೆ ಇಟ್ಟು ಮಲಗೋ ಹುಡುಗಿ ಬೆಳಿಗ್ಗೆ ಎದ್ದು ಹತ್ತಿ ಕ್ರಾಸಿಂಗ್ ಕೆಲಸಕ್ಕೆ ಹೋಗಿ ಬಂದಿರಬಹುದು. ಗುಳೆ ಹೋದ ಅಪ್ಪ ಅವ್ವನ ಜೊತೆ ಬೆಂಗಳೂರಿಗೋ ಮಂಗಳೂರಿಗೋ ಹೋಗಿ ನಾಲ್ಕು ತಿಂಗಳು ಬಿಟ್ಟು ವಾಪಸ್ ಬಂದ ಹುಡುಗನಿಗೆ ಪಾಠ ಎಲ್ಲಿದೆ ಅಂತಲೇ ಗೊತ್ತಿರಲ್ಲ. ಗೊತ್ತಿಲ್ಲ ಅಂತ ಎಲ್ಲರ ಮುಂದೆ ಕಾಣಿಸಿಕೊಳ್ಳೋದಕ್ಕಿಂತ ಪಕ್ಕದವನನ್ನು ಕೆಣಕಿ ಹೊರಗೆ ಹಾಕಿಸಿಕೊಳ್ಳೋದು ಅವನಿಗೆ ಸುಲಭ. ತಾಂಡಾದಿಂದ ಬಂದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತೆ. ಗಂಗಾವತಿ, ಕಾರಟಗಿ ಕಡೆಯ ಕ್ಯಾಂಪ್‌ಗಳಲ್ಲಿ ಮನೆಮಾತು ತೆಲುಗು. ಒಂದನೇ ತರಗತಿಯಲ್ಲಿ "ಹೇಳಿದ್ದು ಕೇಳಂಗಿಲ್ಲ" ಅನ್ನಿಸಿಕೊಂಡ ಮಗುವಿಗೆ ಎಷ್ಟೋ ಸಲ ಹೇಳಿದ್ದು ಅರ್ಥವೇ ಆಗಿರಲ್ಲ. ಕಿವಿ ಸರಿಯಾಗಿ ಕೇಳದವರು, ಬೋರ್ಡ್ ಕಾಣದವರು ಇದ್ದೇ ಇರ್ತಾರೆ. ಬೈಯೋ ಮೊದಲು ಒಂದು ವಾರ ಮುಂದೆ ಕೂರಿಸಿ ನೋಡಿ.

ಇದರರ್ಥ ಎಲ್ಲದಕ್ಕೂ ಕಾರಣ ಹುಡುಕಿ ಬಿಟ್ಟುಬಿಡಿ ಅಂತಲ್ಲ. ಹೊಡೆದವನು ಹೊಡೆದಿದ್ದಾನೆ, ಹೊಡೆಸಿಕೊಂಡ ಮಗುವೂ ಅದೇ ತರಗತಿಯಲ್ಲಿದೆ, ಅದಕ್ಕೂ ನ್ಯಾಯ ಸಿಗಬೇಕು. ಆದರೆ ತಪ್ಪಿಗೂ ಪರಿಣಾಮಕ್ಕೂ ಸಂಬಂಧ ಇರಲಿ. ಕಾಪಿ ಹರಿದವನು ಕೂತು ಆ ಪಾಠ ಬರೆದುಕೊಡಲಿ. ಆಟದಲ್ಲಿ ಕಚ್ಚಾಡಿದವನು ಹತ್ತು ನಿಮಿಷ ಆಟದ ಹೊರಗೆ ಕೂತು, ಆಮೇಲೆ ಒಳಗೆ ಬರಲಿ. ಆ ಲೆಕ್ಕ ಅಲ್ಲಿಗೆ ಮುಗೀಬೇಕು, ಮರುದಿನ ಹಳೇದನ್ನು ಎತ್ತಬಾರದು. ನಿಯಮಗಳನ್ನೂ ಮಕ್ಕಳ ಜೊತೆ ಕೂತೇ ಮಾಡಬೇಕು. ನಾಲ್ಕು ಸಾಕು, ಹದಿನಾಲ್ಕು ಬೇಡ. ಶಾಲಾ ಸಂಸತ್ತು ಅಂತ ಚುನಾವಣೆ ಮಾಡಿ ಮಂತ್ರಿಗಳ ಹೆಸರು ಗೋಡೆ ಮೇಲೆ ಬರೆಸ್ತೀವಲ್ಲ, ಆ ಸಂಸತ್ತಿಗೆ ಇದಕ್ಕಿಂತ ಒಳ್ಳೆ ಕೆಲಸ ಯಾವುದಿದೆ?

ಕಾನೂನು ಏನನ್ನುತ್ತೆ, ಚಿಕ್ಕದಾಗಿ

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಮೀರಿದವರ ಮೇಲೆ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. "ಟಿ.ಸಿ ಕೊಟ್ಟು ಕಳಿಸ್ತೀನಿ" ಅನ್ನೋ ಬೆದರಿಕೆಗೆ ಪ್ರಾಥಮಿಕ ಶಾಲೆಯಲ್ಲಿ ಬೆಲೆ ಇಲ್ಲ ಅಂತಾಯ್ತು.

ಹೊಡೆತ ಅಂದ್ರೆ ಬೆತ್ತದ್ದು ಮಾತ್ರ ಅಂದುಕೊಂಡವರು ಬಹಳ. ಮೊಣಕಾಲೂರಿಸೋದು, ಬೆಂಚ್ ಮೇಲೆ ನಿಲ್ಲಿಸೋದು, ಗೋಡೆಗೆ ಬೆನ್ನು ಹಚ್ಚಿ ಕುರ್ಚಿ ಕೂರಿಸೋದು, ತಲೆ ಮೇಲೆ ಬ್ಯಾಗ್ ಹೊರಿಸೋದು ಇವೆಲ್ಲವನ್ನೂ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ದೈಹಿಕ ಶಿಕ್ಷೆ ಅಂತಲೇ ಎಣಿಸುತ್ತೆ. ಜಾತಿ, ಅಪ್ಪನ ಕಸುಬು, ಮನೆಯ ಬಡತನ ಎತ್ತಿ ಹಂಗಿಸೋದು ಮಾನಸಿಕ ಕಿರುಕುಳ. ಜಾತಿ ಹೆಸರಿಡಿದು ಬೈದರೆ ದೌರ್ಜನ್ಯ ತಡೆ ಕಾಯ್ದೆಯೂ ಬರುತ್ತೆ. ಪೆಟ್ಟು ಜೋರಾಗಿ ದೂರು ಠಾಣೆಗೆ ಹೋದರೆ ಬಾಲ ನ್ಯಾಯ ಕಾಯ್ದೆ 2015ರ 75ನೇ ಕಲಂ ಹಾಕೋದುಂಟು. ಅದರಲ್ಲಿ ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶ ಇದೆ. ಶೌಚಾಲಯ ತೊಳೆಸೋದನ್ನು ಶಿಕ್ಷೆ ಅಂದುಕೊಂಡವರು 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆ ಪ್ರಕರಣ ನೆನಪಿಟ್ಟುಕೊಳ್ಳಲಿ. ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದಕ್ಕೆ ಅಲ್ಲಿ ಬಂಧನವೂ ಆಯ್ತು, ಅಮಾನತೂ ಆಯ್ತು.

ಲೈಂಗಿಕ ದೌರ್ಜನ್ಯದ ಅನುಮಾನ ಇದ್ದರೆ ಅದು 'ಶಿಸ್ತಿನ' ವಿಷಯವೇ ಅಲ್ಲ. ಶಾಲೆಯೊಳಗೆ ರಾಜಿ ಪಂಚಾಯ್ತಿ ಮಾಡೋಕೆ ಯಾರಿಗೂ ಅಧಿಕಾರ ಇಲ್ಲ. ಪೋಕ್ಸೊ ಕಾಯ್ದೆ 2012ರ ಪ್ರಕಾರ ಗೊತ್ತಾದವರು ದೂರು ಕೊಡಲೇಬೇಕು, ಕೊಡದಿರೋದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಅನ್ನೋದು ಹೊಸ ಶಿಕ್ಷಕರ ಫೋನ್‌ನಲ್ಲಿ ಮೊದಲ ದಿನವೇ ಸೇವ್ ಆಗಿರಲಿ.

"ನಾಲ್ಕು ಬಿಡ್ರಿ ಸರ್ರ"

ಕಾನೂನು ಒಂದು ಕಡೆ ಎಳೆದರೆ ಊರು ಇನ್ನೊಂದು ಕಡೆ ಎಳೆಯುತ್ತೆ. ಛಡಿ ಚಂ ಚಂ, ವಿದ್ಯಾ ಘಂ ಘಂ ಅಂತ ಬೆಳೆದ ತಲೆಮಾರು ಈಗ ಪಾಲಕರ ಸಭೆಯಲ್ಲಿ ಕೂತಿದೆ. "ನಾಲ್ಕು ಬಿಡ್ರಿ ಸರ್ರ, ನಮ್ಮ ಮಾತು ಕೇಳವಲ್ಲ" ಅಂತ ಅಪ್ಪಂದಿರೇ ಬಂದು ಹೇಳ್ತಾರೆ. ಅದೇ ಅಪ್ಪ, ಮಗನ ಬೆನ್ನ ಮೇಲೆ ಬಾಸುಂಡೆ ನೋಡಿದ ದಿನ ನಾಲ್ಕು ಮಂದಿ ಕರಕೊಂಡು ಶಾಲೆಗೆ ಬರ್ತಾನೆ. ಅವನದ್ದು ತಪ್ಪಲ್ಲ. ಆದರೆ ಆ ಹೊತ್ತಿಗೆ ಹೊಸ ಶಿಕ್ಷಕರ ಪಕ್ಕ ಯಾರೂ ನಿಂತಿರಲ್ಲ. ಅತಿಥಿ ಶಿಕ್ಷಕರಾದ್ರಂತೂ ಮರುದಿನದಿಂದ ಬರೋದು ಬೇಡ ಅಂದರೆ ಮುಗೀತು. ಇತ್ತ ಮಗುವೂ ನಾಲ್ಕು ದಿನ ಮನೆಯಲ್ಲುಳಿದು, ಕೆಲಸಕ್ಕೆ ಹೋಗಿ, ಕೂಲಿ ದುಡ್ಡು ಕಂಡು, ಶಾಲೆ ಕಡೆ ಬರೋದನ್ನೇ ಬಿಡೋದುಂಟು. ಒಂದು ಪೆಟ್ಟಿಗೆ ಇಬ್ಬರೂ ಶಾಲೆ ಬಿಟ್ಟಂತಾಯ್ತು.

ಬೆತ್ತ ಕೆಲಸ ಮಾಡುತ್ತೆ ಅನ್ನೋ ವಾದವನ್ನೂ ಪ್ರಾಮಾಣಿಕವಾಗಿ ನೋಡಬೇಕು. ಹೌದು, ಮಾಡುತ್ತೆ, ಹತ್ತು ನಿಮಿಷ. ಅದಕ್ಕೇ ಅದು ಇಷ್ಟು ವರ್ಷ ಬದುಕಿದೆ. ಹೊಡೆದ ತಕ್ಷಣ ತರಗತಿ ಸುಮ್ಮನಾಗೋದು ಶಿಕ್ಷಕರ ಕಣ್ಣಿಗೆ ಕಾಣುತ್ತೆ. ಆ ಮಗು ಆಮೇಲೆ ಪ್ರಶ್ನೆ ಕೇಳೋದನ್ನು ನಿಲ್ಲಿಸಿದ್ದು ಕಾಣಲ್ಲ. ಮುಂದಿನ ವಾರ ಅದೇ ಸದ್ದಿಗೆ ಎರಡು ಪೆಟ್ಟು ಬೇಕಾಗೋದು ನಿಧಾನಕ್ಕೆ ಕಾಣುತ್ತೆ.

ಸಿಟ್ಟು ಬಂದೇ ಬರುತ್ತೆ, ಶಿಕ್ಷಕರೂ ಮನುಷ್ಯರು. ಹೊಸಬರಿಗೆ ಇದನ್ನೂ ಬಾಯಿಬಿಟ್ಟು ಹೇಳಬೇಕು: ತೋರಿಸೋದಕ್ಕೆ ಅಂತಲೂ ಕೋಲು ಇಟ್ಟುಕೊಳ್ಳಬೇಡಿ, ಕೈಗೆ ಸಿಗೋ ಹಾಗಿದ್ರೆ ಒಂದಿನ ಎತ್ತುತ್ತೀರಿ. ಕೈ ನಡುಗೋಷ್ಟು ಸಿಟ್ಟು ಬಂದರೆ ಎಲ್ಲರಿಗೂ ಬರೆಯೋ ಕೆಲಸ ಕೊಟ್ಟು ಎರಡು ಹೆಜ್ಜೆ ಹಿಂದೆ ಹೋಗಿ, ನೀರು ಕುಡೀರಿ. ಪಕ್ಕದ ಕೊಠಡಿಯವರ ಜೊತೆ ಮೊದಲೇ ಒಂದು ಒಪ್ಪಂದ ಇರಲಿ, ಒಬ್ಬ ಹುಡುಗನನ್ನು ಚಾಕ್‌ಪೀಸ್ ತರೋ ನೆಪದಲ್ಲಿ ಅವರ ಹತ್ತಿರ ಐದು ನಿಮಿಷ ಕಳಿಸೋಕೆ.

ಗಿಜುಭಾಯಿಯ ಮೊದಲ ದಿನ

ಗುಜರಾತಿನ ಶಿಕ್ಷಣ ಚಿಂತಕ ಗಿಜುಭಾಯಿ ಬಧೇಕಾ 1930ರ ದಶಕದಲ್ಲಿ 'ದಿವಾಸ್ವಪ್ನ' ಅನ್ನೋ ಪುಸ್ತಕ ಬರೆದರು, 'ಹಗಲುಗನಸು' ಹೆಸರಲ್ಲಿ ಕನ್ನಡಕ್ಕೂ ಬಂದಿದೆ. ಕಥೆ ರೂಪದ ಪುಸ್ತಕ. ಹೊಸ ಪ್ರಯೋಗ ಮಾಡ್ತೀನಿ ಅಂತ ನಾಲ್ಕನೇ ತರಗತಿಗೆ ಬಂದ ಮೇಷ್ಟ್ರು ಮೊದಲ ದಿನ ಮಕ್ಕಳಿಗೆ ಮೌನದ ಆಟ ಆಡಿಸೋಕೆ ಹೋಗ್ತಾರೆ. ರಾತ್ರಿಯೆಲ್ಲ ಯೋಜನೆ ಹಾಕಿರ್ತಾರೆ. ಮಕ್ಕಳು ಸುಮ್ಮನಾಗೋ ಬದಲು ಕೂಗಿ, ಕುಣಿದು ರಂಪ ಮಾಡ್ತಾರೆ. ಮೇಷ್ಟ್ರಿಗೆ ದಿಕ್ಕು ತೋಚದೆ ಮಕ್ಕಳನ್ನು ಮನೆಗೆ ಬಿಟ್ಟುಬಿಡ್ತಾರೆ. ಮರುದಿನ ಬೇರೇನೂ ಮಾಡದೆ ಒಂದು ಕಥೆ ಶುರು ಮಾಡ್ತಾರೆ. ತರಗತಿ ಸುಮ್ಮನಾಗುತ್ತೆ.

ಡಿ.ಇಡಿ ಕಾಲೇಜುಗಳಲ್ಲಿ ಇದನ್ನು ಓದಿಸೋರಿದ್ದಾರೆ, ಕಥೆಯ ಶಕ್ತಿ ಅಂತ ಹೇಳಿ ಮುಗಿಸ್ತಾರೆ. ನಮಗೆ ಅದರಲ್ಲಿ ಮುಖ್ಯ ಅನ್ನಿಸೋದು ಮೊದಲ ದಿನದ ಸೋಲು. ಅಷ್ಟು ತಯಾರಿ ಮಾಡಿಕೊಂಡು ಬಂದವರಿಗೂ ಮೊದಲ ದಿನ ಕೈಕೊಡುತ್ತೆ. ಕೈಕೊಟ್ಟ ಸಂಜೆ ಆ ಮೇಷ್ಟ್ರು ಕೂತು ಏನು ತಪ್ಪಾಯ್ತು ಅಂತ ಯೋಚಿಸ್ತಾರೆ. ಅಂಥ ಸಂಜೆ ಪಕ್ಕದಲ್ಲಿ ಕೂತು ಕೇಳೋರು ಒಬ್ಬರು ಇದ್ದರೆ ಹೊಸ ಶಿಕ್ಷಕರ ಮೊದಲ ವರ್ಷ ಬೇರೆಯೇ ಆಗಿರುತ್ತೆ.

ಯಾರು ಮಾಡಬೇಕು?

ನಮ್ಮ ಜಿಲ್ಲೆಗೆ ಮುನಿರಾಬಾದ್‌ನಲ್ಲಿ ಡಯಟ್ ಇದೆ. ಪ್ರತಿ ಬ್ಲಾಕ್‌ಗೆ ಬಿಆರ್‌ಸಿ, ಪ್ರತಿ ಕ್ಲಸ್ಟರ್‌ಗೆ ಸಿಆರ್‌ಪಿ ಇದ್ದಾರೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಅನ್ನೋ ವ್ಯವಸ್ಥೆಯೂ ಇದೆ. ಹೊಸದಾಗಿ ಕಟ್ಟೋದು ಏನೂ ಇಲ್ಲ. 2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗ ಎಲ್ಲರ ಕಣ್ಣೂ ಸಿಇಟಿ, ಮೀಸಲಾತಿ, ಕೋರ್ಟ್ ತೀರ್ಪಿನ ಮೇಲಿತ್ತು. ಆಯ್ಕೆಯಾದವರು ಮೊದಲ ದಿನ ತರಗತಿಯೊಳಗೆ ಏನು ಮಾಡ್ತಾರೆ ಅನ್ನೋ ಪ್ರಶ್ನೆ ಚರ್ಚೆಗೇ ಬರಲಿಲ್ಲ. ಕಾಯಂ ಶಿಕ್ಷಕರಿಗಾದ್ರೂ ಮುಂದೆ ಒಂದಲ್ಲ ಒಂದು ತರಬೇತಿಗೆ ಕರೆ ಬರುತ್ತೆ. ಜೂನ್‌ನಲ್ಲಿ ಬಂದು ವರ್ಷದ ಕೊನೆಗೆ ಬಿಡುಗಡೆ ಆಗೋ ಅತಿಥಿ ಶಿಕ್ಷಕರು ಆ ಪಟ್ಟಿಯ ಹೊರಗೇ ಉಳೀತಾರೆ.

ದೊಡ್ಡ ಸಭಾಂಗಣದಲ್ಲಿ ಇನ್ನೂರು ಜನರನ್ನು ಕೂರಿಸಿ ಪಿಪಿಟಿ ತೋರಿಸೋ ತರಬೇತಿಯಿಂದ ಇದು ಬರಲ್ಲ. ಬೇಕಾಗಿರೋದು ಚಿಕ್ಕದು. ಕ್ಲಸ್ಟರ್‌ಗೆ ಬಂದ ಹತ್ತಿಪ್ಪತ್ತು ಹೊಸಬರನ್ನು ಕೆಲಸಕ್ಕೆ ಸೇರಿದ ವಾರದಲ್ಲೇ ಎರಡು ದಿನ ಒಂದು ಶಾಲೆಯಲ್ಲಿ ಕೂರಿಸಬೇಕು. ಅರ್ಧ ದಿನ ಒಳ್ಳೆ ಶಿಕ್ಷಕಿಯ ತರಗತಿ ನೋಡೋದು, ಪಾಠವನ್ನಲ್ಲ, ಪಾಠದ ನಡುವಿನ ಖಾಲಿ ಜಾಗಗಳನ್ನು ಅವರು ಹೇಗೆ ದಾಟಿಸ್ತಾರೆ ಅನ್ನೋದನ್ನು. ಇನ್ನರ್ಧ ದಿನ ಅಭಿನಯ: ಐದು ಜನ ಶಿಕ್ಷಕರು ಗಲಾಟೆ ಮಕ್ಕಳಾಗಲಿ, ಒಬ್ಬರು ನಿಂತು ಸಂಭಾಳಿಸಲಿ, ಉಳಿದವರು ನೋಡಿ ಹೇಳಲಿ. ಮೈಕ್ರೋ ಟೀಚಿಂಗ್‌ನಲ್ಲಿ ತಪ್ಪಿಹೋದದ್ದು ಇದೇ ಅಲ್ವಾ. ಆಮೇಲೆ ಮೊದಲ ಎರಡು ತಿಂಗಳು ವಾರಕ್ಕೊಂದು ಪೀರಿಯಡ್ ಹಿರಿಯರೊಬ್ಬರು ಹಿಂದೆ ಕೂತು ನೋಡಿ, ತರಗತಿ ಮುಗಿದ ಮೇಲೆ ಒಂದೇ ಒಂದು ಸಲಹೆ ಕೊಡಬೇಕು. ಹತ್ತು ಕೊಟ್ಟರೆ ಒಂದೂ ನಿಲ್ಲಲ್ಲ. ಇದಕ್ಕೆ ಮುಖ್ಯ ಶಿಕ್ಷಕರು ಸಮಯ ಹೊಂದಿಸಬೇಕು, ಸಿಆರ್‌ಪಿಗಳು ದಾಖಲೆ ಮತ್ತು ಅಂಕಿಅಂಶ ಕೇಳೋದರ ನಡುವೆ ತರಗತಿಯೊಳಗೆ ಅರ್ಧ ಗಂಟೆ ಕೂರಬೇಕು. ಒಬ್ಬರೇ ಶಿಕ್ಷಕರಿರುವ ಶಾಲೆಗಳಲ್ಲಿ ಇದು ಸಾಧ್ಯವಿಲ್ಲ ಅನ್ನೋದು ನಿಜ; ಅಂಥ ಶಾಲೆಯ ಹೊಸಬರನ್ನು ಪಕ್ಕದ ಊರಿನ ದೊಡ್ಡ ಶಾಲೆಗೆ ಎರಡು ದಿನ ಕಳಿಸಬೇಕಾಗುತ್ತೆ. ಖಾಸಗಿ ಶಾಲೆಗಳೂ ಏನೂ ಮೇಲಿಲ್ಲ. ಅಲ್ಲಿ ವರ್ಷದ ಮಧ್ಯೆ ಶಿಕ್ಷಕರು ಬದಲಾಗೋದು ಇನ್ನೂ ಹೆಚ್ಚು.

ಶಾಲೆ ಶುರುವಾದ ಮೇಲೆ ಎಸ್‌ಡಿಎಂಸಿ ಸಭೆ ಕರೆದಾಗ ಪಾಲಕರು ಕೇಳಬಹುದಾದ ಪ್ರಶ್ನೆಗಳು ಇಷ್ಟು: ಈ ವರ್ಷ ಹೊಸದಾಗಿ ಬಂದ ಶಿಕ್ಷಕರು ಯಾರು? ಅವರಿಗೆ ಜೊತೆಗಾರರಾಗಿ ಯಾವ ಹಿರಿಯ ಶಿಕ್ಷಕರನ್ನು ಕೊಟ್ಟಿದ್ದೀರಿ? ತರಗತಿಯ ನಿಯಮಗಳನ್ನು ಮಕ್ಕಳ ಜೊತೆ ಮಾಡಿದ್ದೀರಾ, ನಮಗೂ ಒಂದು ಪ್ರತಿ ಕೊಡ್ತೀರಾ? ಮಗು ತಪ್ಪು ಮಾಡಿದರೆ ನಮಗೆ ಯಾವ ಹಂತದಲ್ಲಿ ಫೋನ್ ಮಾಡ್ತೀರಿ? ದೂರು ಪೆಟ್ಟಿಗೆ ಎಲ್ಲಿದೆ, ಅದನ್ನು ಯಾರು, ಯಾವತ್ತು ತೆಗೀತಾರೆ? ಸಭೆಯ ನಡಾವಳಿ ಪುಸ್ತಕದಲ್ಲಿ ಈ ಪ್ರಶ್ನೆಗಳನ್ನೂ ಉತ್ತರಗಳನ್ನೂ ಬರೆಸಿ, ಆಮೇಲೆ ಸಹಿ ಹಾಕಿ.